ಮನೆಯ ಮುಳ್ಳುಸೌತೆ ಉಪ್ಪುನೀರಿಗೆ ಹಾಕಬೇಕು: ಭರಣಿಗೆ ಇಳಿಸೋ ಮುಂಚೆ ಏನೇನು ಮಾಡಬೇಕು?

ಹಿತ್ತಲಬಳ್ಳಿ, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮನೆ ಹಿತ್ತಲಲ್ಲಿ ಈ ಮಳೆಗಾಲ ಮುಳ್ಳುಸೌತೆ ಬಳ್ಳಿ ಚೆನ್ನಾಗಿ ಹಬ್ಬಿದೆ. ಬೀಜ ಮನೆಯದ್ದೇ. ಅತ್ತೆ ಬೂದಿ, ಸಗಣಿ ಕಲಸಿ ಗೋಡೆಗೆ ಬಡಿದಿಟ್ಟಿದ್ದರು. ಮಳೆ ಹಿಡಿದ ಮೇಲೆ ಕೊಟ್ಟಿಗೆ ಗೊಬ್ಬರ ಹಾಕಿ ಊರಿದೆವು. ಬೇಲಿಗೆ ಹತ್ತಿಸಿದ ಬಳ್ಳಿ ಈಗ ಕೊಟ್ಟಿಗೆ ಮಾಡಿನ ಮೇಲೂ ಹೋಗಿದೆ. ದಿನಾ ಬೆಳಗ್ಗೆ ಬುಟ್ಟಿ ತುಂಬ ಕಾಯಿ. ಕೋಸಂಬರಿ, ಸಾಸಿವೆ, ತಂಬುಳಿ, ದೋಸೆ ಎಲ್ಲ ಆಯಿತು. ನೆಂಟರ ಮನೆಗೂ ಕಳಿಸಿದ್ದಾಯಿತು. ಆದರೂ ಉಳಿಯುತ್ತಿದೆ.

ಬೆಂಗಳೂರಿನ ನೆಂಟರ ಮನೆಯಲ್ಲಿ ಬಾಟಲಿಯಲ್ಲಿ ಇಡೀ ಎಳೆಸೌತೆ ಹುಳಿ ಬರಿಸಿದ್ದನ್ನು ತಿಂದಿದ್ದೆ. ಎಣ್ಣೆ ಇಲ್ಲ, ಮೆಣಸಿನ ಪುಡಿ ಇಲ್ಲ. ಕಚ್ಚಿದರೆ ಕರಕರ ಅನ್ನುತ್ತಿತ್ತು. ಅದನ್ನೇ ಮನೆಯಲ್ಲಿ ಮಾಡಬೇಕು ಅಂತ ಆಸೆ. ನಮ್ಮತ್ತೆಗೆ ಮಾವಿನ ಮಿಡಿ ಹಾಕುವುದು ಕೈಬಂದ ಕೆಲಸ. ನಮ್ಮನೆ ಅಪ್ಪೆಮಿಡಿ ಮೂರು ವರ್ಷ ಇಟ್ಟರೂ ಗಟ್ಟಿಯಾಗೇ ಇರುತ್ತದೆ. ಆದರೆ ಸೌತೆಯನ್ನು ಇಡಿಯಾಗಿ ಹಾಕಿ ಅವರಿಗೂ ರೂಢಿಯಿಲ್ಲ. ಹೋದ ವರ್ಷ ಪಕ್ಕದ ಮನೆಯವರು ಮಿಡಿಯ ಕ್ರಮದಲ್ಲೇ ಸೌತೆ ಹಾಕಿದ್ದರು. ಮೊದಲು ಸುರುಟಿತು, ಆಮೇಲೆ ಒಳಗೆ ಲೋಳೆಯಾಯಿತು. ಭರಣಿಯಿಂದ ಎತ್ತಿದರೆ ಕೈಯಿಂದ ಲೊಳಕ್ಕನೆ ಜಾರುತ್ತಿತ್ತು.

ಹಾಗಾಗಿ ಕೇಳುತ್ತಿದ್ದೇನೆ. ಎಷ್ಟು ದೊಡ್ಡ ಕಾಯಿ ಕೀಳಬೇಕು? ಮುಳ್ಳು ತೆಗೆಯಬೇಕಾ, ಸಿಪ್ಪೆ ಹೆರೆಯಬೇಕಾ? ಮಿಡಿಗೆ ಬಿಡುವ ಹಾಗೆ ತೊಟ್ಟು ಬಿಡಬೇಕಾ? ಉಪ್ಪು ಎಷ್ಟು? ಅಟ್ಟದಲ್ಲಿ ಬಾಳೆನಾರಲ್ಲಿ ಕಟ್ಟಿ ನೇತುಹಾಕಿರುವ ಸಾಂಬಾರ್ ಸೌತೆ ಇದಕ್ಕೆ ಬರುತ್ತದಾ? ಮಾಡಿ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.


ಭರಣಿಮನೆ, ಸಾಗರ ತಾಲ್ಲೂಕು

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅಟ್ಟದ ಸೌತೆ ಬೇಡ. ಅದರ ಜಾತಿಯೇ ಬೇರೆ, ಕರಬೂಜದ ಕುಲಕ್ಕೆ ಸೇರಿದ್ದು. ಬಲಿತ ಮೇಲೆ ಹುಳಿ, ಪಲ್ಯಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಇಡಿಯಾಗಿ ಉಪ್ಪುನೀರಿಗೆ ಹಾಕಲು ನಿಮ್ಮ ಬೇಲಿಯ ಮುಳ್ಳುಸೌತೆಯೇ ಸರಿ. ಅದೂ ಎಳೆಯದು ಮಾತ್ರ.

ಈಗ ಮುಖ್ಯ ಮಾತು. ಮಿಡಿ ಹಾಕಿ ಪಳಗಿದ ಮನೆಗಳಲ್ಲೇ ಸೌತೆ ಕೆಡುವುದು ಜಾಸ್ತಿ. ಕಾರಣ ಇದೆ. ಮಾವಿನ ಮಿಡಿಯಲ್ಲಿ ಹುಟ್ಟಿನಿಂದಲೇ ಹುಳಿ ಇದೆ, ಸೊನೆ ಇದೆ. ಒಳಗೆ ಗಟ್ಟಿ ತಿರುಳು, ನೀರು ಕಡಿಮೆ. ಅದಕ್ಕೆ ಉಪ್ಪು ಸುರಿದು, ಚಿರುಟಿಸಿ, ವರ್ಷಗಟ್ಟಲೆ ಇಡುತ್ತೇವೆ. ಚಿರುಟುವುದೇ ಅಲ್ಲಿ ಹದ. ಸೌತೆಯಲ್ಲಿ ನೂರಕ್ಕೆ 95 ಪಾಲು ನೀರು. ಸ್ವಂತ ಹುಳಿ ಇಲ್ಲವೇ ಇಲ್ಲ ಅನ್ನಬಹುದು. ಅದಕ್ಕೆ ಮಿಡಿಯಷ್ಟು ಉಪ್ಪು ಹಾಕಿದರೆ ನೀರೆಲ್ಲ ಒಂದೇ ಸಲ ಹೊರಬಂದು ಸುರುಟುತ್ತದೆ. ಉಪ್ಪು ತೀರ ಕಡಿಮೆಯಾದರೆ ಕೊಳೆಯುತ್ತದೆ. ನಡುವಿನ ಒಂದು ಅಳತೆಯಲ್ಲಿ ಮಾತ್ರ ಹುಳಿ ತರುವ ಸೂಕ್ಷ್ಮಾಣುಗಳು ಬದುಕುತ್ತವೆ, ಕೊಳೆಸುವಂಥವು ಸೋಲುತ್ತವೆ. ಅವು ತರುವ ಹುಳಿ ಲ್ಯಾಕ್ಟಿಕ್ ಆಮ್ಲ, ಮೊಸರು ಹುಳಿಯಾಗುವುದೂ ಅದರಿಂದಲೇ. ಸೌತೆಗೆ ಬೇಕಾದ ಸೂಕ್ಷ್ಮಾಣು ಅದರ ಸಿಪ್ಪೆಯ ಮೇಲೇ ಇರುತ್ತದೆ. ನಾವು ಹೊರಗಿನಿಂದ ಏನೂ ಸೇರಿಸಬೇಕಿಲ್ಲ.

ಆದರೆ ಉಪ್ಪಿನ ಲೆಕ್ಕ ಎರಡನೆಯ ಮಾತು. ಬಳ್ಳಿಯಿಂದ ಭರಣಿವರೆಗಿನ ಹಾದಿಯಲ್ಲೇ ಅರ್ಧ ಕೆಲಸ ತೀರ್ಮಾನವಾಗಿರುತ್ತದೆ. ನನ್ನ ಅನುಭವ ಇದು: ಕಾಯಿ ಸರಿಯಿದ್ದರೆ ಉಪ್ಪುನೀರು ಸ್ವಲ್ಪ ಹೆಚ್ಚುಕಡಿಮೆಯಾದರೂ ತಡೆದುಕೊಳ್ಳುತ್ತದೆ. ಕಾಯಿಯೇ ಸರಿಯಿಲ್ಲದಿದ್ದರೆ ಉಪ್ಪಿನ ಅಳತೆ ಎಷ್ಟು ಸರಿಯಿದ್ದೂ ಉಪಯೋಗವಿಲ್ಲ.

ಬೆಳಗ್ಗೆ ಬಿಸಿಲೇರುವ ಮುಂಚೆ ಕೊಯ್ಯಿರಿ. ತೋರುಬೆರಳಷ್ಟು ಉದ್ದದ ಕಾಯಿ, ಅಂದರೆ 7ರಿಂದ 10 ಸೆಂಟಿಮೀಟರ್, ದಪ್ಪ ಹೆಬ್ಬೆರಳಿಗಿಂತ ಚೂರು ಜಾಸ್ತಿ. ಒಂದನ್ನು ಅಡ್ಡ ಕತ್ತರಿಸಿ ಬೆಳಕಿಗೆ ಹಿಡಿದು ನೋಡಿ. ಬೀಜ ಇನ್ನೂ ಪಾರದರ್ಶಕವಾಗಿ, ಉಗುರು ಒತ್ತಿದರೆ ನೀರಾಗಬೇಕು. ಬೀಜಕ್ಕೆ ಬಿಳಿ ಸಿಪ್ಪೆ ಕಟ್ಟಿದ್ದರೆ, ನಡುವೆ ಲೋಳೆ ಮೂರು ಕಡೆ ಬಿಟ್ಟುಕೊಂಡಿದ್ದರೆ ಆ ಅಳತೆಯದು ಬೇಡ. ನಿಮ್ಮ ಬಳ್ಳಿಯಲ್ಲಿ ಎಷ್ಟು ಉದ್ದಕ್ಕೆ ಬೀಜ ಬಲಿಯುತ್ತದೆ ಅಂತ ಹೀಗೆ ಕತ್ತರಿಸಿ ನೋಡಿದರೇನೇ ಗೊತ್ತಾಗುವುದು. ಒಂದೊಂದು ಮನೆ ಬೀಜ ಒಂದೊಂದು ತರ.

ಎಳೆದು ಕೀಳಬೇಡಿ. ಕತ್ತರಿಯಲ್ಲಿ ಕತ್ತರಿಸಿ, ತೊಟ್ಟು ಕಾಲಿಂಚು ಕಾಯಿಗೆ ಇರಲಿ. ತೊಟ್ಟು ಕಿತ್ತ ಕಡೆ ಗಾಯವಾದರೆ ಅಲ್ಲಿಂದಲೇ ಕೊಳೆ ಶುರು. ತೊಟ್ಟಿನ ವಿಷಯದಲ್ಲಿ ಮಿಡಿಗೂ ಸೌತೆಗೂ ಹೋಲಿಕೆ ಇಷ್ಟೇ. ಇನ್ನೊಂದು ತುದಿಗೆ ಬಂದರೆ ಎಲ್ಲ ಬೇರೆ.

ಆ ಇನ್ನೊಂದು ತುದಿ ಅಂದರೆ ಹೂವಿನ ತುದಿ. ಬಾಡಿದ ಹೂ ಒಣಗಿ ಅಂಟಿಕೊಂಡಿರುತ್ತದಲ್ಲ, ಅದು. ನಿಮ್ಮ ಪಕ್ಕದ ಮನೆಯವರ ಸೌತೆ ಲೋಳೆಯಾಗಿದ್ದಕ್ಕೆ ನನ್ನ ಮೊದಲ ಅನುಮಾನ ಅದರ ಮೇಲೇ. ಆ ಒಣಹೂವಿನಲ್ಲಿ ಬೂಷ್ಟು ಬೆಳೆಯುತ್ತದೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಆ ಬೂಷ್ಟು ಕಿಣ್ವ ಬಿಡುತ್ತದೆ. ಕಾಯಿಯ ಜೀವಕೋಶಗಳನ್ನು ಹಿಡಿದಿಟ್ಟುಕೊಳ್ಳುವ ಪೆಕ್ಟಿನ್ ಇದೆಯಲ್ಲ, ಕಿಣ್ವ ಅದನ್ನು ಕರಗಿಸುತ್ತದೆ. ಅಮೆರಿಕದಲ್ಲಿ ದೊಡ್ಡ ತೊಟ್ಟಿಗಳಲ್ಲಿ ಸೌತೆ ಮೆತ್ತಗಾಗುವುದಕ್ಕೆ ಈ ಹೂಗಳೇ ಕಾರಣ ಅಂತ 1950ರ ದಶಕದಲ್ಲೇ ಅಲ್ಲಿನ ಸಂಶೋಧಕರು ಕಂಡುಕೊಂಡಿದ್ದರು. ಹೂವನ್ನು ಸುಮ್ನೆ ಉದುರಿಸಿದರೆ ಸಾಲದು. ಆ ತುದಿಯಿಂದ ಒಂದೂವರೆ ಎರಡು ಮಿಲಿಮೀಟರ್‌ನ ತೆಳು ಬಿಲ್ಲೆ ಕತ್ತರಿಸಿ ತೆಗೆಯಬೇಕು. ಒಂದೊಂದು ಕಾಯಿಗೂ. ಬೇಸರದ ಕೆಲಸ, ಆದರೆ ಬಿಡುವ ಹಾಗಿಲ್ಲ. ಯಾವ ತುದಿ ಅಂತ ಗೊಂದಲವಾದರೆ ಎರಡೂ ಕಡೆ ಕತ್ತರಿಸಿ, ತೊಂದರೆಯಿಲ್ಲ. ಚಾಕು ಚೂಪಾಗಿರಲಿ. ಮೊಂಡಾದರೆ ಕಾಯಿ ಜಜ್ಜುತ್ತದೆ.

ತೊಳೆಯುವುದು ಕತ್ತರಿಸುವ ಮುಂಚೆ. ಮಳೆಗೆ ಮಣ್ಣು ಸಿಡಿದಿರುತ್ತದೆ, ಅದು ಮುಳ್ಳಿನ ಬುಡದಲ್ಲಿ ಕೂತಿರುತ್ತದೆ. ದೊಡ್ಡ ಪಾತ್ರೆಯಲ್ಲಿ ತಣ್ಣೀರಿಗೆ ಹಾಕಿ, ಮೆತ್ತನೆ ಬಟ್ಟೆಯಲ್ಲಿ ಒಂದೊಂದಾಗಿ ಉಜ್ಜಿ. ಕರಿ ಮುಳ್ಳು ತಾನಾಗೇ ಉದುರುತ್ತದೆ. ಸಿಪ್ಪೆ ಗೀರಬಾರದು, ಅದಕ್ಕೇ ತೆಂಗಿನ ನಾರು, ಬ್ರಷ್ ಬೇಡ ಅನ್ನುತ್ತೇನೆ. ಸಿಪ್ಪೆ ಹೆರೆಯುವ ಮಾತೇ ಇಲ್ಲ. ನೀರು ಬದಲಿಸಿ ಇನ್ನೊಮ್ಮೆ. ಸಾಬೂನು, ಬಿಸಿನೀರು ಹತ್ತಿರ ತರಬೇಡಿ.

ತೊಳೆಯುವಾಗಲೇ ಆರಿಸಿಬಿಡಿ. ಉಳಿದವುಗಳಿಗಿಂತ ಎತ್ತರಕ್ಕೆ ತೇಲಿ ಹೊರಳುವ ಕಾಯಿ ಒಳಗೆ ಟೊಳ್ಳಿರುತ್ತದೆ. ಒಂದು ಕಡೆ ಸಣಕಲು, ಒಂದು ಕಡೆ ಉಬ್ಬಿದ್ದು ಪರಾಗ ಸರಿಯಾಗಿ ಕೂಡದ ಕಾಯಿ. ಜಡಿಮಳೆ ದಿನಗಳಲ್ಲಿ ತುಡುವೆ ಜೇನು ಹೊರಗೆ ಬರುವುದಿಲ್ಲ, ಆಗ ಇಂಥವು ಜಾಸ್ತಿ. ಸೂಜಿಮೊನೆಯಷ್ಟು ಚುಕ್ಕೆ ಇದ್ದು ಅಲ್ಲಿ ಅಂಟು ಒಸರಿದ್ದರೆ ಹಣ್ಣುನೊಣ ಚುಚ್ಚಿದೆ ಅಂತ ಅರ್ಥ. ಒಳಗೆ ಹುಳ ಇರುತ್ತದೆ. ಅಂಥ ಒಂದು ಕಾಯಿ ಇಡೀ ಭರಣಿಗೆ ಕುತ್ತು. ಸಣಕಲು, ಟೊಳ್ಳು ಕಾಯಿಗಳನ್ನು ಅವತ್ತೇ ಕೊಚ್ಚಿ ಸಾಸಿವೆ ಮಾಡಿಬಿಡಿ. ಹುಳ ಹಿಡಿದದ್ದನ್ನು ಗೊಬ್ಬರಗುಂಡಿಗೂ ಹಾಕದೆ ಆಳವಾಗಿ ಹೂಳಿ, ಇಲ್ಲದಿದ್ದರೆ ನೊಣ ಮತ್ತೆ ಬಳ್ಳಿಗೇ ಬರುತ್ತದೆ.

ಕಹಿ ನೋಡುವುದನ್ನೂ ಮರೆಯಬೇಡಿ. ತೊಟ್ಟಿನ ಕಡೆ ಕತ್ತರಿಸಿ ನೊರೆ ಬರುವ ಹಾಗೆ ತಿಕ್ಕುತ್ತೇವಲ್ಲ, ಅದರಿಂದ ಇಡೀ ಕಾಯಿಯ ಕಹಿ ಹೋಗುವುದಿಲ್ಲ. ಉಪ್ಪುನೀರಿಗೂ ಹೋಗುವುದಿಲ್ಲ. ನೀರು ಸಾಲದೆ ಬಳ್ಳಿ ಸೊರಗಿದಾಗ ಕಹಿ ಹೆಚ್ಚುತ್ತದೆ. ಒಂದು ಬಳ್ಳಿಯ ಕಾಯಿ ಕಹಿ ಅನ್ನಿಸಿದರೆ ಆ ಬಳ್ಳಿಯದ್ದನ್ನೇ ಬಿಟ್ಟುಬಿಡಿ. ತೀರ ಕಹಿಯಿದ್ದರೆ ತಿನ್ನಲೂ ಬಾರದು.

ಕೊಯ್ದ ದಿನವೇ ಹಾಕಬೇಕು. ಹೆಚ್ಚೆಂದರೆ 24 ಗಂಟೆ. ಕೊಯ್ದ ಮೇಲೂ ಕಾಯಿ ಉಸಿರಾಡುತ್ತಿರುತ್ತದೆ, ನೀರು ಕಳೆದುಕೊಳ್ಳುತ್ತದೆ, ಒಳಗೆ ಟೊಳ್ಳಾಗುತ್ತದೆ. ಭಾನುವಾರ ಒಟ್ಟಿಗೆ ಹಾಕೋಣ ಅಂತ ವಾರವಿಡೀ ಕೂಡಿಡಬೇಡಿ. ಅವತ್ತು ಸಿಕ್ಕ ಕಾಯಿಗೆ ಸರಿಹೋಗುವ ಸಣ್ಣ ಭರಣಿ ಸಾಕು. ತೊಳೆದು ಕತ್ತರಿಸಿದ್ದನ್ನು ಒಂದೆರಡು ಗಂಟೆ ಬಾವಿಯ ತಣ್ಣೀರಲ್ಲಿ ಮುಳುಗಿಸಿಟ್ಟರೆ ಇನ್ನೂ ಬಿರುಸಾಗುತ್ತದೆ. ಫ್ರಿಜ್ ಇದ್ದರೆ ಐಸ್ ಹಾಕಿದ ನೀರು ಇನ್ನೂ ಒಳ್ಳೆಯದು.

ಉಪ್ಪು: 1 ಲೀಟರ್ ನೀರಿಗೆ 60 ಗ್ರಾಂ ಕಲ್ಲುಪ್ಪು. ತೂಕ ಮಾಡಿಯೇ ಹಾಕಿ. ಕಲ್ಲುಪ್ಪು, ಪುಡಿಯುಪ್ಪು ಲೋಟದಲ್ಲಿ ಒಂದೇ ಅಳತೆ ಬರುವುದಿಲ್ಲ. ನಮ್ಮನೆಗೆ ಮಿಡಿಗಂತ ತಂದಿಟ್ಟ ಗೋಕರ್ಣದ ಸಾಣಿಕಟ್ಟಾ ಉಪ್ಪು ಇರುತ್ತದೆ, ಇದಕ್ಕೂ ಅದೇ. ಅಯೋಡಿನ್ ಇರುವ ಪುಡಿಯುಪ್ಪಲ್ಲಿ ನೀರು ಕದಡಿ ಕಾಯಿಯ ಬಣ್ಣ ಕಪ್ಪಾಗಬಹುದು. ನೀರು ಕುದಿಸಿ, ಉಪ್ಪು ಕರಗಿಸಿ, ಬಟ್ಟೆಯಲ್ಲಿ ಸೋಸಿ, ಪೂರ್ತಿ ಆರಿಸಿ. ಬಿಸಿ ಇರುವಾಗ ಹಾಕಿದರೆ ಸಿಪ್ಪೆಯ ಮೇಲಿನ ಸೂಕ್ಷ್ಮಾಣು ಸಾಯುತ್ತದೆ, ಆಮೇಲೆ ಹುಳಿ ಬರುವುದಿಲ್ಲ. ಕಾಯಿಯೊಳಗಿನ ನೀರು ಹೊರಬಂದು ಉಪ್ಪು ತೆಳುವಾಗುತ್ತದೆ ಅನ್ನುವುದು ನೆನಪಿರಲಿ. ಒಂದು ಕಿಲೋ ಕಾಯಿಗೆ ಒಂದು ಲೀಟರ್ ನೀರಾದರೆ ಕೊನೆಗೆ ಉಳಿಯುವುದು ಶೇ. 3ರಷ್ಟು. ತಿನ್ನಲು ಅದು ಹಿತ. ಅದಕ್ಕಿಂತ ಇಳಿಸಬೇಡಿ.

ಪಿಂಗಾಣಿ ಭರಣಿ ಅಥವಾ ಗಾಜು. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಬೇಡ, ಹುಳಿ ಅದನ್ನು ತಿನ್ನುತ್ತದೆ. ಭರಣಿ ತುಂಬುವಾಗ ನಡುನಡುವೆ ಸಬ್ಬಸಿಗೆ ಹಾಕಿ, ಹೂ ಬಿಟ್ಟ ಕೊಡೆ ಸಿಕ್ಕರೆ ಅದೇ ಹಾಕಿ. ನೀವು ತಿಂದ ಬಾಟಲಿಯ ಘಮ ಅದರದ್ದೇ ಇರಬೇಕು. ತೋಟದ ಹಸಿ ಕಾಳುಮೆಣಸಿನ ಒಂದೆರಡು ಗೊಂಚಲು, ನಾಲ್ಕು ಸೂಜಿಮೆಣಸು, ಬೆಳ್ಳುಳ್ಳಿ ತಿನ್ನುವ ಮನೆಯಾದರೆ ಅದೂ. ಎಲ್ಲ ತೊಳೆದು ಪಸೆ ಆರಿಸಿದ್ದು. ಕಾಯಿಯ ಮೇಲೆ ಒಂದೆರಡು ಇಂಚು ಉಪ್ಪುನೀರು ನಿಲ್ಲಬೇಕು. ಕುದಿಸಿ ತೆಗೆದ ಹೊಳೆಕಲ್ಲೋ, ಬಾಯಿಗೆ ಸರಿಹೋಗುವ ಪಿಂಗಾಣಿ ತಟ್ಟೆಯೋ ಇಟ್ಟು ಮುಳುಗಿಸಿ. ಒಂದು ಕಾಯಿ ಮೂಗು ಹೊರಗೆ ಹಾಕಿದರೂ ಅಲ್ಲಿ ಬೂಷ್ಟು ಹಿಡಿಯುತ್ತದೆ. ಬಾಯಿಗೆ ಬಟ್ಟೆ ಕಟ್ಟಿ. ಮಿಡಿಯ ಭರಣಿಗೆ ಹಾಕುವಂತೆ ಬಿಗಿಯಾಗಿ ಮುಚ್ಚಿದರೆ ಗಾಳಿ ಹೋಗಲು ಜಾಗ ಇರುವುದಿಲ್ಲ.

ಇನ್ನು ಕಾಯುವುದು. ನಮ್ಮ ಕಡೆ ಮಳೆಗಾಲ ಇದಕ್ಕೆ ಹೇಳಿ ಮಾಡಿಸಿದ್ದು. 21ರಿಂದ 24 ಡಿಗ್ರಿಯಲ್ಲಿ ಚೆನ್ನಾಗಿ ಹುಳಿ ಬರುತ್ತದೆ, ಆಷಾಢ ಶ್ರಾವಣದಲ್ಲಿ ಅಡುಗೆಮನೆ ಮೂಲೆ ಸುಮಾರು ಅಷ್ಟೇ ಇರುತ್ತದೆ. ಮೂರು ನಾಲ್ಕು ವಾರ. ಹೊಗೆಅಟ್ಟದ ಕೆಳಗೆ, ಒಲೆ ಹತ್ತಿರ ಇಡಬೇಡಿ. 27 ದಾಟಿದರೆ ಕಾಯಿ ಮೆತ್ತಗಾಗುತ್ತದೆ.


ಹೊಲದವ, ಶಿಕಾರಿಪುರ

ಮೇಲಿನವರು ಕೊಯ್ಲಿನ ಬಗ್ಗೆ ಹೇಳಿದ್ದಕ್ಕೆ ನನ್ನದೊಂದು ಸೇರಿಕೆ. ಹಾವೇರಿ ಕಡೆ ನಮ್ಮ ನೆಂಟರು ಕಂಪನಿಗೆ ಒಪ್ಪಂದದ ಮೇಲೆ ಮಿಡಿಸೌತೆ ಬೆಳೆಯುತ್ತಿದ್ದರು. ಅದನ್ನೇ ಗೆರ್ಕಿನ್ ಅನ್ನುವುದು. 1990ರ ದಶಕದ ಆರಂಭದಲ್ಲಿ ನಮ್ಮ ಕರ್ನಾಟಕದಲ್ಲೇ ಸಣ್ಣದಾಗಿ ಶುರುವಾದ ಬೆಳೆ. ಆಮೇಲೆ ತಮಿಳುನಾಡು, ಆಂಧ್ರಕ್ಕೂ ಹೋಯಿತು. ಬೆಳೆದದ್ದು ಹೆಚ್ಚುಕಡಿಮೆ ಎಲ್ಲ ಹೊರದೇಶಕ್ಕೇ. ನಮ್ಮವರು ಊಟಕ್ಕೆ ಬಳಸುವುದು ಕಡಿಮೆ.

ಅಲ್ಲಿ ಕೊಯ್ಲಿಗೆ ಹೋಗಿ ನೋಡಿದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಗುತ್ತದೆ. ಕಿಲೋಗೆ ಎಷ್ಟು ಕಾಯಿ ತೂಗುತ್ತದೆ ಅನ್ನುವುದರ ಮೇಲೆ ಗ್ರೇಡ್. ಸಣ್ಣ ಕಾಯಿಗೆ ದುಡ್ಡು ಜಾಸ್ತಿ. ಬಿಸಿಲು, ನೀರು ಎರಡೂ ಇದ್ದರೆ ಒಂದೇ ದಿನದಲ್ಲಿ ಕಾಯಿ ಒಂದು ಗ್ರೇಡ್ ಕೆಳಗಿಳಿಯುತ್ತದೆ. ಅದಕ್ಕೇ ದಿನಾ ಕೊಯ್ಲು, ಹಬ್ಬ ಹುಣ್ಣಿಮೆ ಅಂತ ರಜೆ ಇಲ್ಲ. ಎಲೆ ಮಗುಚಿ, ಅಡಿಯಲ್ಲಿ ಅಡಗಿದ್ದನ್ನೆಲ್ಲ ತೆಗೆಯಬೇಕು. ಒಂದು ಕಾಯಿ ಬಲಿಯಲು ಬಿಟ್ಟರೆ ಬಳ್ಳಿ ಅದಕ್ಕೇ ಶಕ್ತಿ ಹಾಕುತ್ತದೆ, ಹೊಸ ಮಿಡಿ ಕಚ್ಚುವುದು ಕಡಿಮೆಯಾಗುತ್ತದೆ. ನಿಮ್ಮನೆ ಮಾಡಿನ ಮೇಲೆ ಹತ್ತಿದ ಬಳ್ಳಿಯಲ್ಲಿ ಕಣ್ಣಿಗೆ ಬೀಳದ ಕಾಯಿ ಬೇಕಾದಷ್ಟು ಇರುತ್ತವೆ. ಏಣಿ ಹಾಕಿ ನೋಡಿ.

ಇನ್ನೊಂದು. ಕೊಯ್ದ ಕಾಯಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ. ಒಳಗೆ ಬೆವರುತ್ತದೆ, ಬಿಸಿಯಾಗುತ್ತದೆ. ಬಾಳೆಲೆ ಹಾಸಿದ ಬುಟ್ಟಿಯಲ್ಲಿ ನೆರಳಲ್ಲಿಡಿ. ಎಸೆಯಬೇಡಿ, ಸುರಿಯಬೇಡಿ. ಹೊರಗೆ ಏನೂ ಕಾಣದಿದ್ದರೂ ಒಳಗೆ ಪೆಟ್ಟಾಗಿರುತ್ತದೆ, ಉಪ್ಪುನೀರಿಗೆ ಬಿದ್ದ ಮೇಲೆ ಆ ಜಾಗವೇ ಮೊದಲು ಮೆತ್ತಗಾಗುವುದು.


ಮಾಳಿಗೆಮನೆ, ಶಿವಮೊಗ್ಗ ವಿನೋಬನಗರ

ನನ್ನ ಬಳ್ಳಿ ತಾರಸಿಯ ಕುಂಡದಲ್ಲಿ. ಭರಣಿ ತುಂಬುವಷ್ಟು ಒಟ್ಟಿಗೆ ಕಾಯಿ ಬರುವುದಿಲ್ಲ, ಹಾಗಾಗಿ ನಾನು ವಿನೆಗರ್ ದಾರಿ ಹಿಡಿದೆ. ತೊಳೆಯುವುದು, ಹೂವಿನ ತುದಿ ಕತ್ತರಿಸುವುದು ಎಲ್ಲ ಇದೇ. ಆಮೇಲೆ ಅರ್ಧ ವಿನೆಗರ್, ಅರ್ಧ ನೀರು, ಉಪ್ಪು, ಬೇಕಾದರೆ ಸ್ವಲ್ಪ ಸಕ್ಕರೆ ಕುದಿಸಿ ಸುರಿದು, ಆರಿದ ಮೇಲೆ ಫ್ರಿಜ್. ಎರಡು ಮೂರು ದಿನಕ್ಕೆ ತಿನ್ನಬಹುದು. ಒಂದು ತಿಂಗಳೊಳಗೆ ಖಾಲಿ ಮಾಡುತ್ತೇವೆ.

ಒಂದು ಎಚ್ಚರಿಕೆ. ಹೊರದೇಶದ ಪಾಕವಿಧಾನಗಳೆಲ್ಲ ಶೇ. 5 ಆಮ್ಲದ ವಿನೆಗರ್ ಲೆಕ್ಕದಲ್ಲಿ ಇರುತ್ತವೆ. ನಮ್ಮ ಅಂಗಡಿಗಳಲ್ಲಿ ಶೇ. 4ರ ಬಾಟಲಿಯೂ ಮಾರಾಟಕ್ಕಿದೆ. ಲೇಬಲ್ ಓದಿ, 4 ಆಗಿದ್ದರೆ ನೀರು ಕಡಿಮೆ ಮಾಡಿ. ಫ್ರಿಜ್ ಹೊರಗೆ ಇಡುವ ಯೋಚನೆ ಇದ್ದರೆ ಇನ್ನೂ ಜಾಗ್ರತೆ. ಯಾವುದೇ ಕ್ರಮದಲ್ಲಾದರೂ ಒಳಗಿನ ಪಿಎಚ್ (ಹುಳಿ ಅಳೆಯುವ ಅಂಕಿ, ಅದು ಕಡಿಮೆಯಾದಷ್ಟೂ ಹುಳಿ ಜಾಸ್ತಿ) 4.6ಕ್ಕಿಂತ ಕೆಳಗೆ ಇರಲೇಬೇಕು, ಇಲ್ಲದಿದ್ದರೆ ಮುಚ್ಚಿದ ಬಾಟಲಿಯಲ್ಲಿ ವಿಷ ಹುಟ್ಟುವ ಭಯ ಇದೆ. ನಾನು ಪಿಎಚ್ ಕಾಗದದ ಒಂದು ಕಟ್ಟು ತಂದಿಟ್ಟಿದ್ದೇನೆ. ಉಪ್ಪುನೀರಲ್ಲಿ ಸರಿಯಾಗಿ ಹುಳಿ ಬಂದ ಕಾಯಿ 3.5ರ ಆಸುಪಾಸು ತೋರಿಸುತ್ತದೆ.

ನೀರಿನ ಬಗ್ಗೆಯೂ ಹೇಳಬೇಕು. ನಿಮ್ಮ ಕಡೆ ಬಾವಿ ನೀರು ಮೆದು, ಪುಣ್ಯ ಮಾಡಿದ್ದೀರಿ. ಗಡಸು ಬೋರ್‌ವೆಲ್ ನೀರಲ್ಲಿ ಹುಳಿ ಸರಿಯಾಗಿ ಏರುವುದಿಲ್ಲ. ನಲ್ಲಿ ನೀರಾದರೆ ಕುದಿಸಿ ಆರಿಸಬೇಕು, ಕ್ಲೋರಿನ್ ಹೋಗಲಿ ಅಂತ.


ಹಿತ್ತಲಬಳ್ಳಿ, ಹೊಸನಗರ ತಾಲ್ಲೂಕು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಗ್ಗೆ ಒಂದಷ್ಟು ಕಾಯಿ ಅಡ್ಡ ಕತ್ತರಿಸಿ ನೋಡಿದೆವು. ನಮ್ಮ ಬಳ್ಳಿಯಲ್ಲಿ ಗೇಣುದ್ದ ಆಗುವ ಹೊತ್ತಿಗೆ ಬೀಜ ಬಲಿತುಬಿಟ್ಟಿರುತ್ತದೆ. ನಾವು ಇಷ್ಟು ದಿನ ಎಳೆಯದು ಅಂದುಕೊಂಡು ಕೊಯ್ಯುತ್ತಿದ್ದದ್ದು ಆ ಅಳತೆಯದ್ದೇ. ಬೆರಳುದ್ದದ್ದರಲ್ಲಿ ಬೀಜ ನೀವು ಹೇಳಿದ ಹಾಗೇ ನೀರುನೀರು.

ಇನ್ನು ಸ್ವಲ್ಪ ಅನುಮಾನ ಉಳಿದಿದೆ. ಅತ್ತೆ ಹೇಳುತ್ತಾರೆ, ಬೂದುಗುಂಬಳಕಾಯಿಯ ಪೇಠಕ್ಕೆ ಸುಣ್ಣದ ನೀರಲ್ಲಿ ಹಾಕಿದರೆ ಗರಿಗರಿ ಆಗುತ್ತದಲ್ಲ, ಇದಕ್ಕೂ ಎಲೆಅಡಿಕೆ ಸುಣ್ಣ ಹಾಕಬಹುದಲ್ಲ ಅಂತ. ಅದು ಸರಿಯಾ? ಮತ್ತೆ ನಮ್ಮಲ್ಲಿ ದ್ರಾಕ್ಷಿ ಎಲೆ ಹಾಕಬೇಕು ಅಂತ ಒಂದು ವಿಡಿಯೋದಲ್ಲಿ ನೋಡಿದೆ, ಹೊಸನಗರದಲ್ಲಿ ದ್ರಾಕ್ಷಿ ಎಲೆ ಎಲ್ಲಿಂದ ತರಲಿ? ಹುಳಿ ಬರುತ್ತಿದೆಯೋ ಕೊಳೆಯುತ್ತಿದೆಯೋ ಅಂತ ಹೊಸಬರಿಗೆ ಹೇಗೆ ಗೊತ್ತಾಗಬೇಕು? ಮಿಡಿಯಾದರೆ ವಾಸನೆಯಲ್ಲೇ ಅತ್ತೆ ಹೇಳಿಬಿಡುತ್ತಾರೆ.


ಭರಣಿಮನೆ, ಸಾಗರ ತಾಲ್ಲೂಕು

ನಿಮ್ಮತ್ತೆ ಕೇಳಿದ್ದು ಒಳ್ಳೆಯ ಪ್ರಶ್ನೆ. ಸುಣ್ಣ ಗಟ್ಟಿ ಮಾಡುವುದು ನಿಜ. ಸುಣ್ಣದ ಕ್ಯಾಲ್ಸಿಯಂ ಪೆಕ್ಟಿನ್ ಜೊತೆ ಕೂಡಿ ಬಿಗಿಯುತ್ತದೆ. ಆದರೆ ಪೇಠ ಉಳಿಯುವುದು ಸಕ್ಕರೆಯಿಂದ, ಸೌತೆ ಉಳಿಯಬೇಕಾದದ್ದು ಹುಳಿಯಿಂದ. ಸುಣ್ಣ ಹುಳಿಯನ್ನು ಕೊಲ್ಲುತ್ತದೆ. ನಾವು ಕಾದು ಬರಿಸಿಕೊಳ್ಳುವ ಹುಳಿಯನ್ನು ನಾವೇ ತೆಗೆದ ಹಾಗೆ. ಸುಣ್ಣದಲ್ಲಿ ನೆನೆಸಿದ ಕಾಯಿಯನ್ನು ಹಾಕಲೇಬೇಕು ಅಂದರೆ, ಗಂಟೆಗೊಮ್ಮೆ ನೀರು ಬದಲಿಸಿ ಮೂರು ಸಲ ನೆನೆಸಿ ತೊಳೆಯಬೇಕು, ಒಂದು ಚೂರೂ ಉಳಿಯಬಾರದು. ಇಷ್ಟೆಲ್ಲ ಯಾಕೆ? ಎಳೆಕಾಯಿ, ಅವತ್ತೇ ಕೊಯ್ದದ್ದು, ಹೂವಿನ ತುದಿ ಕತ್ತರಿಸಿದ್ದು ಅಂದರೆ ಸುಣ್ಣ ಬೇಕಾಗುವುದೇ ಇಲ್ಲ. ಬೇಡ ಅಂತ ಅತ್ತೆಗೆ ನನ್ನ ಕಡೆಯಿಂದ ಹೇಳಿ.

ದ್ರಾಕ್ಷಿ ಎಲೆ ಹಾಕುವುದು ಅದರ ಒಗರಿಗಾಗಿ. ಆ ಒಗರು ನಾನು ಹೇಳಿದ ಕಿಣ್ವವನ್ನು ತಡೆಯುತ್ತದೆ. ಒಗರಿನ ಎಲೆಗೆ ಮಲೆನಾಡಲ್ಲಿ ಬರವಾ? ತಂಬುಳಿಗೆ ಕೊಯ್ಯುವ ಪೇರಳೆ ಕುಡಿ, ನೇರಳೆ ಕುಡಿ ಇದೆಯಲ್ಲ, ಅದರದ್ದೇ ಎರಡು ಮೂರು ಎಲೆ ತೊಳೆದು ತಳಕ್ಕೆ ಹಾಸಿ. ನಾನು ಪೇರಳೆ ಹಾಕುತ್ತೇನೆ, ನೇರಳೆಯಲ್ಲಿ ಬಣ್ಣ ಸ್ವಲ್ಪ ಮಾಸುತ್ತದೆ ಅನ್ನಿಸಿತು. ಜಾಸ್ತಿ ಹಾಕಿದರೆ ಕಾಯಿಯೇ ಒಗರಾಗುತ್ತದೆ. ತುದಿ ಕತ್ತರಿಸಿದ ಕಾಯಿಗೆ ಎಲೆ ಇಲ್ಲದಿದ್ದರೂ ನಡೆಯುತ್ತದೆ. ತುದಿ ಬಿಟ್ಟು ಎಲೆ ಮಾತ್ರ ನಂಬಬೇಡಿ.

ಕೊನೆಯ ಪ್ರಶ್ನೆ ದೊಡ್ಡದು. ಒಂದೆರಡು ದಿನ ಏನೂ ಕಾಣುವುದಿಲ್ಲ. ಆಮೇಲೆ ಸಣ್ಣ ಗುಳ್ಳೆ ಏಳುತ್ತದೆ, ಭರಣಿಗೆ ಕಿವಿ ಕೊಟ್ಟರೆ ಚಿಟಿಚಿಟಿ ಕೇಳುತ್ತದೆ. ನೀರು ಮಬ್ಬಾಗುತ್ತದೆ, ತಳದಲ್ಲಿ ಬಿಳಿ ಗಷ್ಟು ಕೂರುತ್ತದೆ. ಮಿಡಿಯಲ್ಲಿ ಹೀಗಾದರೆ ನಮಗೆ ಎದೆ ಹೊಡೆದುಕೊಳ್ಳುತ್ತದೆ, ಇಲ್ಲಿ ಅದು ಒಳ್ಳೆಯ ಲಕ್ಷಣ. ಸಿಪ್ಪೆಯ ಹೊಳೆಯುವ ಹಸಿರು ಹೋಗಿ ಬೇಯಿಸಿದ ಬಸಳೆಯ ಬಣ್ಣಕ್ಕೆ ಬರುತ್ತದೆ. ಕತ್ತರಿಸಿದರೆ ಒಳಗಿನ ಬಿಳಿ ಹೋಗಿ ಪೂರ್ತಿ ತಿಳಿಯಾಗಿ, ಗಾಜಿನ ತರ ಕಾಣಬೇಕು. ನಡುವೆ ಇನ್ನೂ ಬಿಳಿ ಇದ್ದರೆ ಕಾಯಬೇಕು. ಆಗಲೇ ಒಂದನ್ನು ತಿಂದು ನೋಡಬಹುದು, ಅರ್ಧ ಹುಳಿಯಾದದ್ದೂ ರುಚಿಯೇ. ನಮ್ಮನೆ ಮಕ್ಕಳು ಅದನ್ನೇ ಕೇಳುತ್ತಾರೆ, ಗಂಜಿ ಊಟಕ್ಕೆ.

ಮೇಲೆ ಬಿಳಿ ತೆಳು ಕೆನೆ ಕಟ್ಟಿದರೆ ಶುದ್ಧ ಚಮಚದಲ್ಲಿ ತೆಗೆದುಬಿಡಿ, ದಿನಾ ನೋಡಿ. ಬಿಟ್ಟರೆ ಅದು ಹುಳಿಯನ್ನು ತಿಂದು ಮುಗಿಸುತ್ತದೆ. ಹಸಿರು, ಕಪ್ಪು, ಕೆಂಪು ಬಣ್ಣದ ರೋಮದಂಥ ಬೂಷ್ಟು, ಲೋಳೆ, ಕೊಳೆತ ವಾಸನೆ, ಇವುಗಳಲ್ಲಿ ಯಾವುದು ಕಂಡರೂ ಪೂರ್ತಿ ಭರಣಿ ಚೆಲ್ಲಬೇಕು. ತೊಳೆದು ಉಳಿಸಿಕೊಳ್ಳುವ ಆಸೆ ಬೇಡ. ರುಚಿ ನೋಡಿ ತೀರ್ಮಾನಿಸುವುದಂತೂ ಬೇಡವೇ ಬೇಡ.

ಕಾಯಿ ಗಟ್ಟಿಯಿದ್ದು ಒಳಗೆ ಮಾತ್ರ ಟೊಳ್ಳಾಗಿದ್ದರೆ ಅದು ಕೊಳೆತದ್ದಲ್ಲ. ಹುಳಿ ಬರುವಾಗ ಹುಟ್ಟಿದ ಗಾಳಿ ಒಳಗೆ ಸಿಕ್ಕಿಕೊಂಡಿದೆ. ದೊಡ್ಡ ಕಾಯಿಯಲ್ಲಿ ಜಾಸ್ತಿ. ಎಳೆಯದರಲ್ಲೇ ಸ್ವಲ್ಪ ದೊಡ್ಡವು ಒಂದೆರಡು ಸೇರಿಸುವುದಾದರೆ ಶುದ್ಧವಾದ ದಬ್ಬಣದಲ್ಲಿ ಒಂದೆರಡು ಕಡೆ ಚುಚ್ಚಿ ಹಾಕಿ. ಟೊಳ್ಳಾದದ್ದನ್ನು ಬಿಲ್ಲೆ ಮಾಡಿ ಮೊದಲು ತಿಂದು ಮುಗಿಸಿ.


ಹೊಲದವ, ಶಿಕಾರಿಪುರ

ದಿನಾ ಕೊಯ್ಯಿರಿ ಅಂತ ನಾನೇ ಹೇಳಿದ್ದು, ಆದರೆ ಒಂದು ಬಳ್ಳಿ ಬೀಜಕ್ಕೆ ಬಿಡಿ. ಮನೆ ಬೀಜ ಅಂದಿರಲ್ಲ, ಅದನ್ನು ಕಳೆದುಕೊಳ್ಳಬೇಡಿ. ಕಹಿ ಇಲ್ಲದ, ರೋಗ ತಗಲದ ಬಳ್ಳಿ ನೋಡಿ ಗುರುತು ಕಟ್ಟಿ. ಅದರ ಕಾಯಿ ಹಳದಿ ತಿರುಗಿ ಕಂದಾಗುವವರೆಗೆ ಬಳ್ಳಿಯಲ್ಲೇ ಇರಲಿ. ಬೂದಿ ರೋಗ ಬಂದ ಬಳ್ಳಿಯ ಕಾಯಿ ಭರಣಿಗೂ ಬೇಡ, ಬೀಜಕ್ಕೂ ಬೇಡ.


ಹಿತ್ತಲಬಳ್ಳಿ, ಹೊಸನಗರ ತಾಲ್ಲೂಕು

ಅತ್ತೆಗೆ ಓದಿ ಹೇಳಿದೆ. ಸುಣ್ಣದ ಮಾತು ಒಪ್ಪಿದರು. ಹೂವಿನ ತುದಿ ಕತ್ತರಿಸುವ ಕೆಲಸ ತಮಗೇ ಇರಲಿ ಅಂದರು, ಅಡಿಕೆ ಸುಲಿದ ಕೈ, ಒಂದೇ ಅಳತೆಯಲ್ಲಿ ಬರುತ್ತಿದೆ. ಸಬ್ಬಸಿಗೆ ಸಂತೆಯಲ್ಲಿ ಸಿಗುತ್ತದೆ. ನಾಳೆಯೇ ಮೊದಲ ಭರಣಿ. ಹುಳಿ ಬಂದ ಮೇಲೆ ಎಲ್ಲಿಡಬೇಕು, ಎಷ್ಟು ದಿನ ಇರುತ್ತದೆ? ಮತ್ತೆ ಬಲಿತು ಹೋದವು ರಾಶಿ ಇವೆಯಲ್ಲ, ಅವನ್ನು ಹೆಚ್ಚಿ ಉಪ್ಪು ಹಾಕಬಹುದಾ?


ಭರಣಿಮನೆ, ಸಾಗರ ತಾಲ್ಲೂಕು

ಹುಳಿ ಪೂರ್ತಿ ಬಂದ ಮೇಲೆ ಅದೇ ಉಪ್ಪುನೀರಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಡಿ. ಮೇಲಿನ ಕೆನೆ ತೆಗೆಯುತ್ತಿದ್ದರೆ ನಾಲ್ಕರಿಂದ ಆರು ತಿಂಗಳು ಇರುತ್ತದೆ. ಮಿಡಿಯ ಹಾಗೆ ಮೂರು ವರ್ಷದ ಲೆಕ್ಕ ಇಲ್ಲಿಲ್ಲ, ಅದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಿ. ಒದ್ದೆ ಕೈ ಹಾಕಬಾರದು ಅನ್ನುವುದನ್ನು ಮಿಡಿ ಹಾಕುವ ಮನೆಗೆ ನಾನು ಹೇಳಬೇಕಿಲ್ಲ.

ಬಲಿತದ್ದನ್ನು ಈ ಕ್ರಮಕ್ಕೆ ತರಬೇಡಿ. ಬೀಜ, ಲೋಳೆ ತೆಗೆದು ಹೋಳು ಮಾಡಿ, ಉಪ್ಪು ಕಲಸಿ ಒಂದು ರಾತ್ರಿ ಇಟ್ಟು, ಬಿಟ್ಟ ನೀರು ಹಿಂಡಿ, ಸಾಸಿವೆ ಮೆಣಸು ಅರೆದು ಲಿಂಬೆರಸ ಹಾಕಿ ಕಲಸಿದರೆ ವಾರದ ಉಪ್ಪಿನಕಾಯಿ ಆಗುತ್ತದೆ. ಅದೂ ಫ್ರಿಜ್‌ನಲ್ಲೇ ಇರಲಿ. ತೀರ ಹಣ್ಣಾದದ್ದು ಕಡುಬಿಗೆ, ಬೆಲ್ಲ ಹಾಕಿ ಬಾಳೆಲೆಯಲ್ಲಿ. ಚೌತಿಗೆ ಮಂಟಪಕ್ಕೆ ಕಟ್ಟಲು ಒಳ್ಳೆಯದೊಂದನ್ನು ಎತ್ತಿಡಿ.

ಮಾಘ ಕಳೆದ ಮೇಲೆ ಬೇಸಿಗೆ ಬಳ್ಳಿ ಹಾಕುತ್ತೀರಾದರೆ ಆ ಕಾಯಿಗೆ ಈ ಉಪ್ಪುನೀರಿನ ಕ್ರಮ ಮಾಡಬೇಡಿ. ಸೆಕೆಗೆ ಮೆತ್ತಗಾಗುತ್ತದೆ. ಆಗ ವಿನೋಬನಗರದವರು ಹೇಳಿದ ವಿನೆಗರ್ ಕ್ರಮವೇ ಸರಿ.